ಬೆಳಗಿನ ಬ್ಲ್ಯಾಂಕ್, ಮಧ್ಯಾಹ್ನದ ಎಣ್ಣೆ

ಮಂಡ್ಯ ಕಡೆಯ ಗಾಣದ ಕಡಲೆಕಾಯಿ ಎಣ್ಣೆಗೆ ಬೆಳಿಗ್ಗೆ ಅಯೋಡಿನ್ ಮೌಲ್ಯ (100 ಗ್ರಾಂ ಎಣ್ಣೆ ಎಷ್ಟು ಗ್ರಾಂ ಅಯೋಡಿನ್ ಹೀರುತ್ತದೆ ಎಂಬ ಲೆಕ್ಕ) 90, ಅದೇ ಬಾಟಲಿಗೆ ಮಧ್ಯಾಹ್ನ 92.5 ಬಂದರೆ ಗಾಣದವರ ಮೇಲೆ ಗುಮಾನಿ ಬೇಡ. ಮೊದಲು ಈ ಪರೀಕ್ಷೆಗೆ ಬಳಸುವ ವಿಜ್ಸ್ ದ್ರಾವಣದ ಉಷ್ಣತೆ ನೋಡಿ.

ಅದರಲ್ಲಿರುವುದು ಅಯೋಡಿನ್ ಮೊನೊಕ್ಲೋರೈಡ್, ಗ್ಲೇಶಿಯಲ್ ಅಸಿಟಿಕ್ ಆಸಿಡ್‌ನಲ್ಲಿ ಸುಮಾರು 0.1 ಮೋಲಾರ್. ಬರೀ ಅಯೋಡಿನ್ ಎಣ್ಣೆಯ ದ್ವಿಬಂಧಕ್ಕೆ ಸೇರಲು ಮೀನಮೇಷ ಎಣಿಸುತ್ತದೆ. ಕ್ಲೋರಿನ್ ಹೆಚ್ಚಾದರೆ ಹೈಡ್ರೋಜನ್ನನ್ನು ಕಿತ್ತು ಅದರ ಜಾಗದಲ್ಲಿ ಕೂರುತ್ತದೆ, ಲೆಕ್ಕ ಏರುತ್ತದೆ. ಅದಕ್ಕೇ ದ್ರಾವಣದಲ್ಲಿ ಅಯೋಡಿನ್ ಒಂಚೂರು ಹೆಚ್ಚೇ ಇರಬೇಕು.

ಒಣಗಿದ ಗಾಜಿನ ಬಿರಡೆಯ ಫ್ಲಾಸ್ಕಿನಲ್ಲಿ 0.25 ಗ್ರಾಂ ಎಣ್ಣೆ (ಕೊಬ್ಬರಿ ಎಣ್ಣೆಯಾದರೆ 3 ಗ್ರಾಂ ಹತ್ತಿರ), 20 ಮಿ.ಲೀ. ಸೈಕ್ಲೊಹೆಕ್ಸೇನ್–ಅಸಿಟಿಕ್ ಆಸಿಡ್ ಸಮಭಾಗದ ಮಿಶ್ರಣ, 25 ಮಿ.ಲೀ. ವಿಜ್ಸ್. ಕತ್ತಲಲ್ಲಿ ಒಂದು ಗಂಟೆ. ಆಮೇಲೆ 10% ಪೊಟ್ಯಾಸಿಯಂ ಅಯೋಡೈಡ್ 20 ಮಿ.ಲೀ., ನೀರು 100 ಮಿ.ಲೀ., ಉಳಿದ ಅಯೋಡಿನ್ ಅಳೆಯಲು ಹನಿ ಹನಿಯಾಗಿ 0.1 ನಾರ್ಮಲ್ ಹೈಪೋ (ಸೋಡಿಯಂ ಥಯೋಸಲ್ಫೇಟ್). ಹಳದಿ ತಿಳಿಯಾದ ಮೇಲಷ್ಟೇ ಗಂಜಿ (ಪಿಷ್ಟದ ದ್ರಾವಣ) ಹಾಕಿ. ಬ್ಲ್ಯಾಂಕಿಗೆ, ಅಂದರೆ ಎಣ್ಣೆಯಿಲ್ಲದೆ ಮಾಡಿದ ಇದೇ ಪರೀಕ್ಷೆಗೆ, ಸುಮಾರು 50 ಮಿ.ಲೀ. ಹೈಪೋ, ಎಣ್ಣೆಗೆ 32.3 ಬಂತೆನ್ನಿ, ವ್ಯತ್ಯಾಸ 17.7 (12.69 ಸೂತ್ರದ ಸ್ಥಿರಾಂಕ): 12.69 × 17.7 × 0.1 ÷ 0.25, ಅಂದರೆ ಸುಮಾರು 90. ಒಂದು ಗಂಟೆಯಲ್ಲಿ ಬಣ್ಣ ತೀರಾ ಮಸುಕಾದರೆ ಎಣ್ಣೆ ಜಾಸ್ತಿ ಹಾಕಿದ್ದೀರಿ. ಅರ್ಧಕ್ಕಿಂತ ಹೆಚ್ಚು ವಿಜ್ಸ್ ಉಳಿದಿರಬೇಕು.

ಈಗ ಆ 2.5ರ ವಿಷಯ. ಅಸಿಟಿಕ್ ಆಸಿಡ್ 10 ಡಿಗ್ರಿಗೆ ಶೇ. 1ರಷ್ಟು ಹಿಗ್ಗುತ್ತದೆ. ಏಪ್ರಿಲ್‌ನ ಮೈಸೂರಲ್ಲಿ ಬೆಳಗಿಗೂ ಮಧ್ಯಾಹ್ನಕ್ಕೂ ಅಷ್ಟು ಅಂತರ ಏನೂ ದೊಡ್ಡದಲ್ಲ. ಪಿಪೆಟ್ಟಿನ ಗೆರೆ ಅದೇ, ಒಳಗಿನ ಅಯೋಡಿನ್ ಮೊನೊಕ್ಲೋರೈಡ್ ಮಾತ್ರ ಕಮ್ಮಿ. ಬ್ಲ್ಯಾಂಕ್ ಬೆಳಗಿನದಾಗಿದ್ದರೆ ಮಧ್ಯಾಹ್ನದ ಎಣ್ಣೆಗೆ ಹೈಪೋ ಅರ್ಧ ಮಿ.ಲೀ. ಕಡಿಮೆ ಖರ್ಚಾಗುತ್ತದೆ, ಎಣ್ಣೆ ಅಷ್ಟನ್ನೂ ಹೀರಿಕೊಂಡಂತೆ ಲೆಕ್ಕಕ್ಕೆ ಬರುತ್ತದೆ. ಬ್ಲ್ಯಾಂಕನ್ನು ಬೆಳಿಗ್ಗೆಯೇ ಮುಗಿಸಿಟ್ಟುಕೊಳ್ಳುವುದು ಸೋಮಾರಿತನ. ಎಣ್ಣೆಯ ಜೊತೆಗೇ, ಅದೇ ಪಿಪೆಟ್ಟಿನಲ್ಲಿ, ಅಷ್ಟೇ ಹೊತ್ತು ಇಳಿಬಿಟ್ಟು ಮಾಡಿ. ವಿಜ್ಸ್ ಬಾಟಲಿ 25 ಡಿಗ್ರಿ ನೀರಿನಲ್ಲಿ ಕೂತಿದ್ದರೆ ಇನ್ನೂ ಒಳ್ಳೆಯದು.

ಶುದ್ಧ ಅಯೋಡಿನ್ ಮೊನೊಕ್ಲೋರೈಡ್ 27 ಡಿಗ್ರಿಗೆ ಕರಗುತ್ತದೆ, ಬೇಸಿಗೆಯಲ್ಲಿ ಬಾಟಲಿಯಲ್ಲೇ ದ್ರವವಾಗಿರುತ್ತದೆ. ತಣ್ಣಗೆ ಮಾಡಿ, ಫ್ಯೂಮ್ ಹುಡ್‌ನಲ್ಲೇ ತೆರೆಯಿರಿ. ರಬ್ಬರ್, ಬೆಂಡಿನ ಬಿರಡೆಗಳನ್ನು ತಿಂದುಹಾಕುತ್ತದೆ, ಲೋಹವನ್ನೂ ಬಿಡುವುದಿಲ್ಲ. ಗಾಜಿನ ಬಿರಡೆಯ ಕಂದು ಬಾಟಲಿಯೇ ಬೇಕು. ನೀರು ತಾಗಿದರೆ ಹೈಡ್ರೋಕ್ಲೋರಿಕ್ ಆಸಿಡ್ ಮತ್ತು ಅಯೋಡಿನ್ ಬಿಡುತ್ತದೆ. ಫ್ಲಾಸ್ಕ್ ಒಣಗಿರಬೇಕು ಅಂದದ್ದು ಇದಕ್ಕೇ. ಬಾಯಲ್ಲಿ ಪಿಪೆಟ್ ಎಳೆಯುವ ಮಾತೇ ಇಲ್ಲ. ಚರ್ಮಕ್ಕೆ ಬಿದ್ದರೆ ಕಂದು ಕಲೆಯ ಜೊತೆ ಸುಟ್ಟಗಾಯವೂ ಆಗುತ್ತದೆ. ತಕ್ಷಣ 15 ನಿಮಿಷ ನಲ್ಲಿಯ ಕೆಳಗೆ ಹಿಡಿಯಿರಿ.

ಮೇಜಿನ ಮೇಲೆ ಚೆಲ್ಲಿದರೆ ಅವಸರದಲ್ಲಿ ಹೈಪೋ ಸುರಿಯಬೇಡಿ, ಆಸಿಡ್‌ಗೆ ಸೇರಿ ಸಲ್ಫರ್ ಡೈಆಕ್ಸೈಡ್ ಮೂಗಿಗೆ ರಾಚುತ್ತದೆ. ಒಣ ಮರಳು, ಅದರ ಮೇಲೆ ವಾಷಿಂಗ್ ಸೋಡಾ, ಉಳಿದ ಕಲೆಗೆ ಹೈಪೋ. ಸೈಕ್ಲೊಹೆಕ್ಸೇನ್ ಪದರ ಸಿಂಕಿಗಲ್ಲ, ದ್ರಾವಕಗಳ ತ್ಯಾಜ್ಯದ ಕ್ಯಾನಿಗೆ.