ಮೋಟಾರ್‌ಹೋಮ್‌ನ ಮರೆಯಲ್ಲಿರುವ ಸ್ವಿಚ್‌ಗೆ ದೀಪ ಹಾಕುವ ಮುನ್ನ

ಒಳಗೇ ಅಡುಗೆ ಮಾಡಿ ಮಲಗುವ ವ್ಯವಸ್ಥೆ ಇರುವ ಗಾಡಿಗಳು, ಅಂದರೆ ಮೋಟಾರ್‌ಹೋಮ್‌ಗಳ ವೈರಿಂಗ್, ರಿಪೇರಿ ನನ್ನ ಕೆಲಸ. "ಎಲ್ಲಾ ಆಫ್ ಮಾಡಿಯೇ ಮಲಗಿದ್ವಿ, ಬೆಳಗ್ಗೆ ನೋಡಿದ್ರೆ ಬ್ಯಾಟರಿ ಇಳಿದುಹೋಗಿದೆ" ಅಂತ ಬರುವವರು ತುಂಬಾ ಜನ. ಅಷ್ಟರಲ್ಲಿ ಹೊಸ ಬ್ಯಾಟರಿ ಹಾಕಿಸೋಣ ಅಂತ ತೀರ್ಮಾನವೂ ಮಾಡಿರುತ್ತಾರೆ. ನಾನು ಮೊದಲು ಬ್ಯಾಟರಿ ಮುಟ್ಟುವುದಿಲ್ಲ, ಕಪಾಟಿನ ಬಾಗಿಲುಗಳನ್ನು ತೆಗೆಯುತ್ತಾ ಹೋಗುತ್ತೇನೆ. ಸಿಂಕ್ ಕೆಳಗೆ ಒಂದು ಸ್ವಿಚ್, ಮಂಚದ ಹಲಗೆ ಎತ್ತಿದರೆ ಇನ್ನೊಂದು, ಹೊರಗಡೆ ಸಾಮಾನಿಡುವ ಗೂಡಿನಲ್ಲಿ ಮತ್ತೊಂದು. ಅದರಲ್ಲಿ ಯಾವುದೋ ಒಂದು ಆನ್ ಆಗಿಯೇ ಇರುತ್ತದೆ.

ನೀರಿನ ಟ್ಯಾಂಕ್ ಹೆಪ್ಪುಗಟ್ಟದಂತೆ ತಳಕ್ಕೆ ಅಂಟಿಸುವ ಹೀಟಿಂಗ್ ಪ್ಯಾಡ್ ಇದೆಯಲ್ಲ, ಅದನ್ನೇ ನೋಡಿ. ಅದರೊಳಗೆ ಥರ್ಮೋಸ್ಟಾಟ್ ಇರುತ್ತದೆ. ಸಾಮಾನ್ಯವಾಗಿ ಸುಮಾರು 7 ಡಿಗ್ರಿಗೆ ಇಳಿದರೆ ಮಾತ್ರ ಪ್ಯಾಡ್ ಬಿಸಿಯಾಗಲು ಶುರು ಮಾಡುತ್ತದೆ. ಹಾಗಾಗಿ ಬೇಸಿಗೆಯಲ್ಲಿ ಯಾರೋ ಆ ಸ್ವಿಚ್ ಒತ್ತಿ ಮರೆತರೆ ಏನೂ ಗೊತ್ತಾಗಲ್ಲ. ಮೊದಲ ಚಳಿಯ ರಾತ್ರಿ ಬರುತ್ತದೆ, ಪ್ಯಾಡ್ 5 ಆಂಪಿಯರ್ ಎಳೆಯುತ್ತದೆ ಅಂದುಕೊಳ್ಳಿ, 10 ಗಂಟೆಗೆ 50 ಆಂಪಿಯರ್-ಅವರ್ ಖಾಲಿ. 100 ಆಂಪಿಯರ್-ಅವರ್‌ನ ಲೆಡ್ ಆಸಿಡ್ ಬ್ಯಾಟರಿಯಲ್ಲಿ ಅದು ಸರಿಯಾಗಿ ಅರ್ಧ, ಅದಕ್ಕಿಂತ ಕೆಳಗೆ ಮತ್ತೆ ಮತ್ತೆ ಇಳಿಸಿದರೆ ಬ್ಯಾಟರಿಯ ಆಯುಷ್ಯವೇ ಕಮ್ಮಿ ಆಗುತ್ತದೆ.

ಇಂಥ ಸ್ವಿಚ್‌ಗೆ ಒಂದು ಎಲ್‌ಇಡಿ ಹಾಕಿ, ಕಣ್ಣಿಗೆ ಬೀಳುವ ಕಡೆ ತಂದು ಕೂರಿಸಿದರೆ ಆಯ್ತು ಅಲ್ವಾ? ಹೌದು. ಆದರೆ ಈ ಕೆಲಸದಲ್ಲಿ ನಾನು ಕಲಿತ ದೊಡ್ಡ ವಿಷಯ, ದೀಪ ಹಚ್ಚುವುದು ಸುಲಭ, ಅದು ನಿಜ ಹೇಳುವಂತೆ ಮಾಡುವುದಕ್ಕೆ ತಲೆ ಓಡಿಸಬೇಕು. ವೈರ್ ಎಲ್ಲಿಂದ ತೆಗೆಯುತ್ತೀರೋ ಅದರ ಮೇಲೆ ದೀಪ ಏನು ಹೇಳುತ್ತದೆ ಅನ್ನುವುದು ನಿಂತಿದೆ. ಸ್ವಿಚ್ ಆನ್ ಇದೆ ಅನ್ನುವುದು ಒಂದು, ಕರೆಂಟ್ ಅಲ್ಲಿವರೆಗೂ ಬಂದಿದೆ ಅನ್ನುವುದು ಇನ್ನೊಂದು, ಸಾಮಾನು ಈಗ ಓಡುತ್ತಿದೆ ಅನ್ನುವುದು ಬೇರೆಯೇ. ಮೇಲೆ ಹೇಳಿದ ಪ್ಯಾಡ್‌ನಲ್ಲಿ ದೀಪವನ್ನು ಥರ್ಮೋಸ್ಟಾಟ್ ಆದ ಮೇಲೆ ಹಾಕಿದರೆ ಬೇಸಿಗೆಯಿಡೀ ಅದು ಉರಿಯುವುದೇ ಇಲ್ಲ, ಮರೆತ ಸ್ವಿಚ್ ಮರೆತಂತೆಯೇ ಉಳಿಯುತ್ತದೆ.

ನೀರಿನ ಪಂಪ್‌ನಲ್ಲೂ ಇದೇ ಕಥೆ. ಪಂಪ್ ಜೊತೆಗೆ ಒಂದು ಪ್ರೆಶರ್ ಸ್ವಿಚ್ ಇರುತ್ತದೆ, ನಲ್ಲಿ ತೆಗೆದಾಗ ಮಾತ್ರ ಮೋಟಾರ್ ಓಡುತ್ತದೆ. ಮೋಟಾರ್‌ಗೆ ನೇರವಾಗಿ ದೀಪ ಕೊಟ್ಟರೆ ಓಡುವಾಗ ಮಾತ್ರ ಉರಿಯುತ್ತದೆ. ಅದೂ ಉಪಯೋಗವೇ, ಯಾರೂ ನಲ್ಲಿ ಮುಟ್ಟದೆ ಇರುವಾಗ ಆಗಾಗ ಮಿಣುಕಿದರೆ ಎಲ್ಲೋ ಸೋರುತ್ತಿದೆ ಅಂತ ಅರ್ಥ. ಆದರೆ ಗಾಡಿ ಹೊರಡುವಾಗ ನಮಗೆ ಬೇಕಾದ್ದು ಸ್ವಿಚ್‌ನ ಸ್ಥಿತಿ. ದಾರಿಯಲ್ಲಿ ಕುಲುಕಾಟಕ್ಕೆ ಒಂದು ಪೈಪ್ ಬಿಟ್ಟುಕೊಂಡರೆ ಸಾಕು, ಆನ್ ಇರುವ ಪಂಪ್ ಟ್ಯಾಂಕಿನ ನೀರನ್ನೆಲ್ಲ ನೆಲಕ್ಕೆ ಸುರಿಯುತ್ತದೆ. ಅದಕ್ಕೇ ನಾನು ಸ್ವಿಚ್‌ನಿಂದ ಹೊರಬರುವ ವೈರ್‌ನಿಂದ, ಪ್ರೆಶರ್ ಸ್ವಿಚ್‌ಗಿಂತ ಮೊದಲು, ದೀಪಕ್ಕೆ ತೆಗೆಯುತ್ತೇನೆ. ಎರಡು ಕಡೆಯಿಂದ ಆನ್-ಆಫ್ ಮಾಡುವ ಪಂಪ್ ಇದ್ದರಂತೂ ದೀಪ ಬೇಕೇ ಬೇಕು, ಯಾಕಂದರೆ ಮೆಟ್ಟಿಲ ಲೈಟಿನ ಹಾಗೆ ಅಲ್ಲಿ ಸ್ವಿಚ್ ಯಾವ ಕಡೆ ಒತ್ತಿದೆ ಅಂತ ನೋಡಿದರೆ ಏನೂ ತಿಳಿಯಲ್ಲ.

ಬ್ಯಾಟರಿ ಡಿಸ್‌ಕನೆಕ್ಟ್ ಸ್ವಿಚ್ ಇನ್ನೊಂದು ರೀತಿ. ಎಷ್ಟೋ ಗಾಡಿಗಳಲ್ಲಿ ಬಾಗಿಲ ಹತ್ತಿರ ಒತ್ತಿ ಬಿಡುವ ಬಟನ್ ಇರುತ್ತದೆ, ಅದು ದೂರದಲ್ಲಿರುವ ಲ್ಯಾಚಿಂಗ್ ರಿಲೇಗೆ (ಕರೆಂಟ್‌ನಿಂದ ನಡೆಯುವ, ಒಮ್ಮೆ ಬದಲಾದರೆ ಅದೇ ಸ್ಥಿತಿಯಲ್ಲಿ ನಿಲ್ಲುವ ಸ್ವಿಚ್) ಒಂದು ಕ್ಷಣ ಕರೆಂಟ್ ಕಳಿಸುತ್ತದೆ, ಅಷ್ಟೇ. ಬಟನ್‌ಗೆ ದೀಪ ಕೊಟ್ಟರೆ ಒತ್ತಿದಾಗ ಮಾತ್ರ ಮಿಂಚುತ್ತದೆ. ರಿಲೇಯಿಂದ ಹೊರಗೆ ಹೋಗುವ ಕಡೆಯಿಂದಲೇ ವೈರ್ ತರಬೇಕು.

ಕೆಲವು ಸ್ವಿಚ್‌ಗಳು ಪಾಸಿಟಿವ್ ಅಲ್ಲ, ನೆಗೆಟಿವ್ ಕಡೆಯನ್ನು ಕಡಿಯುತ್ತವೆ. ಬಾಗಿಲು ತೆಗೆದರೆ ಹತ್ತುವ ಲೈಟ್‌ಗಳಲ್ಲಿ ಇದು ಜಾಸ್ತಿ. ಅಲ್ಲಿ ಯಾವಾಗಿನಂತೆ ಸ್ವಿಚ್‌ನ ಲೋಡ್ (ಕರೆಂಟ್ ಎಳೆಯುವ ಸಾಮಾನು) ಕಡೆಗೂ ಗಾಡಿಯ ಬಾಡಿಗೂ ನಡುವೆ ಎಲ್‌ಇಡಿ ಹಾಕಿದರೆ ಉಲ್ಟಾ ಆಗುತ್ತದೆ: ಸ್ವಿಚ್ ಆಫ್ ಇದ್ದಾಗ ಲೋಡ್ ಮೂಲಕ ಬರುವ ಕರೆಂಟ್‌ಗೆ ದೀಪ ಉರಿಯುತ್ತದೆ, ಆನ್ ಮಾಡಿದರೆ ಆರುತ್ತದೆ. ಲೋಡ್‌ನ ಎರಡು ವೈರ್‌ಗಳಿಗೆ ಅಡ್ಡಲಾಗಿ ದೀಪ ಹಾಕಿದರೆ ಈ ತಲೆನೋವೇ ಇಲ್ಲ. ಏನೇ ಆಗಲಿ, ಕಟ್ ಮಾಡುವ ಮುಂಚೆ ಮಲ್ಟಿಮೀಟರ್ ಹಿಡಿಯಿರಿ. ಆಫ್‌ನಲ್ಲಿ ಸೊನ್ನೆ, ಆನ್‌ನಲ್ಲಿ 12 ವೋಲ್ಟ್ ಯಾವ ಎರಡು ಜಾಗಗಳ ನಡುವೆ ಸಿಗುತ್ತದೋ ಅದೇ ದೀಪದ ಜಾಗ. ವೈರ್ ಬಣ್ಣ ನೋಡಿ ಸುಮ್ನೆ ಊಹೆ ಮಾಡಬೇಡಿ.

ಇನ್ನು ರೆಸಿಸ್ಟರ್, ಅಂದರೆ ಎಲ್‌ಇಡಿಗೆ ಹೆಚ್ಚು ಕರೆಂಟ್ ಹೋಗದಂತೆ ತಡೆಯುವ ಸಣ್ಣ ಬಿಡಿಭಾಗ. 12 ವೋಲ್ಟ್ ಅಂತ ಕರೆದರೂ ಚಾರ್ಜ್ ಆಗುವಾಗ 14.4 ವೋಲ್ಟ್‌ವರೆಗೂ ಹೋಗುತ್ತದೆ, ಲೆಕ್ಕ ಅದಕ್ಕೇ ಹಾಕಿ. ಕೆಂಪು ಎಲ್‌ಇಡಿ ಸುಮಾರು 2 ವೋಲ್ಟ್ ತೆಗೆದುಕೊಳ್ಳುತ್ತದೆ, ಉಳಿದ 12.4 ವೋಲ್ಟ್ ರೆಸಿಸ್ಟರ್ ಮೇಲೆ. 2.2 ಕಿಲೋಓಮ್ ಹಾಕಿದರೆ 5 ರಿಂದ 6 ಮಿಲಿಆಂಪಿಯರ್, ಹಗಲಲ್ಲೂ ಚೆನ್ನಾಗಿ ಕಾಣುತ್ತದೆ. ಮಲಗುವ ಜಾಗದ ಎದುರು ಆದರೆ 10 ಕಿಲೋಓಮ್ ಹಾಕಿ, ಕತ್ತಲಲ್ಲಿ ಅಷ್ಟು ಬೆಳಕೇ ಬೇಕಾದಷ್ಟು. ದೀಪವೇ ಬ್ಯಾಟರಿ ತಿನ್ನಲ್ವಾ ಅಂತ ಕೆಲವರು ಕೇಳುತ್ತಾರೆ. 10 ಮಿಲಿಆಂಪಿಯರ್ ಎಳೆದರೂ ಇಡೀ ದಿನಕ್ಕೆ 0.24 ಆಂಪಿಯರ್-ಅವರ್, ಚಿಂತೆ ಬೇಡ. ಪಂಪ್ ಮೋಟಾರ್ ಇರುವ ಕಡೆ ಮಾತ್ರ ಎಲ್‌ಇಡಿಗೆ ಉಲ್ಟಾ ದಿಕ್ಕಿನಲ್ಲಿ ಒಂದು ಸಣ್ಣ ಡಯೋಡ್ (ಒಂದೇ ದಿಕ್ಕಿಗೆ ಕರೆಂಟ್ ಬಿಡುವ ಭಾಗ), 1ಎನ್4148 ಥರದ್ದು, ಅಡ್ಡ ಹಾಕಿ. ಮೋಟಾರ್ ನಿಲ್ಲುವಾಗ ಹಿಂದಕ್ಕೆ ಬರುವ ಏಟನ್ನು ಎಲ್‌ಇಡಿ ತಡೆಯುವುದಿಲ್ಲ, ಅದರ ಉಲ್ಟಾ ವೋಲ್ಟ್ ಮಿತಿ ಬರೀ 5ರ ಆಸುಪಾಸು.

ಆ ರೆಸಿಸ್ಟರ್ ಎಲ್ಲಿ ಕೂರಬೇಕು ಅನ್ನುವುದನ್ನು ಹೆಚ್ಚಿನವರು ಯೋಚಿಸುವುದೇ ಇಲ್ಲ. ದೀಪದ ಕಾಲಿಗೆ ಬೆಸುಗೆ ಹಾಕಿ ಮುಗಿಸುತ್ತಾರೆ. ಹಾಗೆ ಮಾಡಿದರೆ ಸ್ವಿಚ್‌ನಿಂದ ದೀಪದವರೆಗೆ ಪ್ಲೈವುಡ್, ಫೋಮ್ ನಡುವೆ ಹಾದುಹೋಗುವ ತೆಳು ವೈರ್‌ನಲ್ಲಿ ಪೂರ್ತಿ 12 ವೋಲ್ಟ್ ಇರುತ್ತದೆ, ಹಿಂದೆ ಕಾಯುತ್ತಿರುವುದು 15 ಆಂಪಿಯರ್ ಫ್ಯೂಸ್. ಎಲ್ಲೋ ತಗಡಿನ ಅಂಚಿಗೆ ಉಜ್ಜಿ ಶಾರ್ಟ್ ಆದರೆ ಫ್ಯೂಸ್ ಹೋಗುವ ಮೊದಲೇ ಆ ವೈರ್ ಕಾದು ಕರಗಬಹುದು. ಗೋಡೆಯೊಳಗೆ ಬೆಂಕಿ ಹತ್ತುವುದು ಹೀಗೇ. ರೆಸಿಸ್ಟರನ್ನು ಸ್ವಿಚ್ ಕಡೆಯ ತುದಿಯಲ್ಲೇ ಹಾಕಿ, ಅದರ ಮೇಲೆ ಹೀಟ್ ಶ್ರಿಂಕ್ ಸ್ಲೀವ್ (ಬಿಸಿ ಮಾಡಿದರೆ ಕುಗ್ಗಿ ಬಿಗಿಯಾಗುವ ಪ್ಲಾಸ್ಟಿಕ್ ಕೊಳವೆ) ಎಳೆಯಿರಿ. ಆಮೇಲೆ ಮುಂದಿನ ವೈರ್ ಪೂರ್ತಿ ಶಾರ್ಟ್ ಆದರೂ 2.2 ಕಿಲೋಓಮ್ ಮೂಲಕ 7 ಮಿಲಿಆಂಪಿಯರ್ ಕೂಡ ಹರಿಯಲ್ಲ. ರೆಸಿಸ್ಟರ್ ಒಳಗೇ ಇರುವ ರೆಡಿಮೇಡ್ ದೀಪ ತಂದಿದ್ದರೆ, ವೈರ್ ತೆಗೆಯುವ ಜಾಗದ ಪಕ್ಕದಲ್ಲೇ 1 ಆಂಪಿಯರ್ ಫ್ಯೂಸ್ ಬೇಕು. ಇದರಲ್ಲಿ ನಾನು ರಾಜಿ ಮಾಡಿಕೊಳ್ಳುವುದಿಲ್ಲ.

ಜಾಯಿಂಟ್‌ಗಳು ಕ್ರಿಂಪ್ ಆಗಿರಲಿ, ಅಂದರೆ ಲೋಹದ ತುಣುಕಿನೊಳಗೆ ವೈರ್ ಇಟ್ಟು ಇಕ್ಕಳದಿಂದ ಒತ್ತಿದ್ದಿರಲಿ. ಗಾಡಿ ಅಲುಗಾಡುತ್ತಲೇ ಇರುತ್ತದೆ, ಬರೀ ಸೋಲ್ಡರ್ ಮಾಡಿದ ವೈರ್ ಆ ಅಂಚಿನಲ್ಲೇ ಮುರಿಯುತ್ತದೆ. ಜಾಯಿಂಟ್‌ಗೆ ಹತ್ತಿರದಲ್ಲೇ ಒಂದು ಟೈ ಹಾಕಿ ಹಿಡಿಸಿ.

ಬಿಸಿನೀರಿನ ಹೀಟರ್ ಬಗ್ಗೆ ಬೇರೆಯಾಗಿಯೇ ಹೇಳಬೇಕು. ಅದರ ಎಲೆಕ್ಟ್ರಿಕ್ ಕಾಯಿಲ್ 120 ಅಥವಾ 230 ವೋಲ್ಟ್‌ನದು, ಸ್ವಿಚ್ ಎಷ್ಟೋ ಗಾಡಿಗಳಲ್ಲಿ ಹೊರಗಿನ ಮುಚ್ಚಳದ ಹಿಂದೆ, ಕೆಳಮೂಲೆಯಲ್ಲಿ. ಟ್ಯಾಂಕ್ ಖಾಲಿ ಇರುವಾಗ ಆನ್ ಆದರೆ ಕಾಯಿಲ್ ಸುಟ್ಟೇ ಹೋಗುತ್ತದೆ. ಅಲ್ಲಿಗೆ, ಆ ದೊಡ್ಡ ವೋಲ್ಟ್‌ನಿಂದಲೇ ಉರಿಯುವ ನಿಯಾನ್ ದೀಪ ಹಾಕಿ ಅನ್ನುವವರಿದ್ದಾರೆ. ತೊಂದರೆ ಏನಂದರೆ, ಹೊರಗಿನ ಕರೆಂಟ್‌ಗೆ ಗಾಡಿ ಸಿಕ್ಕಿಸದೆ ಇದ್ದಾಗ ಸ್ವಿಚ್ ಆನ್ ಇದ್ದರೂ ದೀಪ ಉರಿಯಲ್ಲ. ಮುಂದಿನ ಜಾಗಕ್ಕೆ ಹೋಗಿ, ನೀರು ತುಂಬುವ ಮುಂಚೆ ಪ್ಲಗ್ ಹಾಕಿದ ತಕ್ಷಣ ಒಣ ಟ್ಯಾಂಕ್‌ನಲ್ಲಿ ಕಾಯಿಲ್ ಕಾಯತೊಡಗುತ್ತದೆ. ಎಚ್ಚರಿಕೆ ಬೇಕಿದ್ದ ಹೊತ್ತಿಗೇ ದೀಪ ಸುಮ್ಮನಿತ್ತು. ಅದಕ್ಕೆ ನಾನು ಮಾಡುವುದು ಇಷ್ಟು: ಹೀಟರ್ ಹತ್ತಿರ ಮುಚ್ಚಿದ ಪೆಟ್ಟಿಗೆಯಲ್ಲಿ, ಕಾಯಿಲ್‌ನ ಪೂರ್ತಿ ಲೋಡ್ ತಡೆಯುವ, 12 ವೋಲ್ಟ್‌ನಿಂದ ಕೆಲಸ ಮಾಡುವ ರಿಲೇ. ಅದನ್ನು ನಡೆಸುವ ಸಣ್ಣ ಸ್ವಿಚ್ ಮತ್ತು ಕೆಂಪು ದೀಪ ಎರಡೂ ಬಾಗಿಲ ಪಕ್ಕದಲ್ಲಿ. ಪ್ಲಗ್ ಇರಲಿ ಬಿಡಲಿ, ಸ್ವಿಚ್ ಆನ್ ಇದ್ದರೆ ದೀಪ ಉರಿಯುತ್ತದೆ, ದೊಡ್ಡ ವೋಲ್ಟ್‌ನ ವೈರ್ ಗೋಡೆಯುದ್ದಕ್ಕೂ ಎಳೆಯುವ ಗೋಜೂ ಇಲ್ಲ. ದೊಡ್ಡ ವೋಲ್ಟ್ ಕಡೆಯ ಕೆಲಸ ಮಾತ್ರ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಯಲ್ಲೇ ಆಗಬೇಕು.

ಎಲ್ಲಾ ಸ್ವಿಚ್‌ಗೂ ದೀಪ ಹಾಕಿಸಿಕೊಳ್ಳಬೇಡಿ. ಬಾಗಿಲ ಹತ್ತಿರ ಹತ್ತು ದೀಪ ಉರಿಯುತ್ತಿದ್ದರೆ ಯಾರೂ ಒಂದನ್ನೂ ನೋಡುವುದಿಲ್ಲ. ಪಂಪ್, ಪ್ಯಾಡ್, ಹೀಟರ್, ಹೊರಗಿನ ಲೈಟ್, ಇಷ್ಟು ಸಾಕು. ಹೊರಡುವ ಮುಂಚೆ ಆರಿರಲೇಬೇಕಾದವು ಕೆಂಪು ಇರಲಿ, ಪ್ರತಿಯೊಂದರ ಕೆಳಗೂ ಹೆಸರು ಬರೆದಿರಲಿ, ಯಾವ ವೈರ್ ಎಲ್ಲಿಂದ ಬಂದಿದೆ ಅನ್ನುವ ಚೀಟಿ ಫ್ಯೂಸ್ ಬಾಕ್ಸ್ ಮುಚ್ಚಳದ ಒಳಗೆ ಅಂಟಿಸಿರಲಿ.