ಚಿಟ್‌ಮಹಲ್ ಜನ ಯಾವ ದೇಶದವರು?

ದಹಲಾ ಖಾಗ್ರಾಬಾಡಿ ಅಂತ ಒಂದು ಜಾಗ ಇತ್ತು, ಎರಡು ಎಕರೆನೂ ಇಲ್ಲ, ಒಂದು ಹೊಲ ಅಷ್ಟೇ. ಅದು ಭಾರತದ್ದು. ಅದರ ಸುತ್ತ ಬಾಂಗ್ಲಾದೇಶದ ಹಳ್ಳಿ, ಆ ಹಳ್ಳಿ ಸುತ್ತ ಮತ್ತೆ ಭಾರತದ ಹಳ್ಳಿ, ಅದನ್ನ ದಾಟಿದ್ರೆ ಪೂರ್ತಿ ಬಾಂಗ್ಲಾದೇಶ. ಇಂಥ ತುಂಡು ಜಾಗಗಳಿಗೆ ಅಲ್ಲಿ ಚಿಟ್‌ಮಹಲ್ ಅಂತಾರೆ. 2015ರಲ್ಲಿ ಎರಡೂ ದೇಶ ಅದಲುಬದಲು ಮಾಡ್ಕೊಂಡಾಗ ಅವರ ಕಡೆ ನಮ್ಮವು 111 ಇದ್ವು, ನಮ್ಮ ಕಡೆ ಅವರವು 51.

ಯಾರೂ ಕೂತು ಪ್ಲ್ಯಾನ್ ಮಾಡಿ ಎಳೆದ ಗಡಿ ಅಲ್ಲ ಇದು. 18ನೇ ಶತಮಾನದ ಶುರುವಲ್ಲಿ ಕೂಚ್ ಬಿಹಾರದ (ಈಗ ಪಶ್ಚಿಮ ಬಂಗಾಳದ ಉತ್ತರದಲ್ಲಿರೋ ಜಿಲ್ಲೆ) ರಾಜರಿಗೂ ಮೊಘಲರಿಗೂ ಒಪ್ಪಂದ ಆದಾಗ ಯಾವ ಊರು ಯಾರ ಹಿಡಿತದಲ್ಲಿತ್ತೋ ಅದರ ಕಂದಾಯ ಅವರಿಗೆ ಅಂತಾಯ್ತು. ರಾಜರು ಚೆಸ್ ಆಟದಲ್ಲಿ ಊರುಗಳನ್ನ ಪಣಕ್ಕಿಟ್ರು ಅಂತ ಎಲ್ಲಾ ಕಡೆ ಹೇಳ್ತಾರೆ, ಅದು ಬರೀ ಕತೆ. ರೈತನಿಗೆ ಕಂದಾಯ ಯಾರಿಗೆ ಕಟ್ಬೇಕು ಅನ್ನೋದು ಬಿಟ್ರೆ ಸಂತೆ, ಭಾಷೆ, ನೆಂಟಸ್ತಿಕೆ ಎಲ್ಲಾ ಒಂದೇ.

ಆಮೇಲೆ 1947ರಲ್ಲಿ ಮೊಘಲರ ಕಡೆ ಇದ್ದ ಪಕ್ಕದ ರಂಗಪುರ ಪೂರ್ವ ಪಾಕಿಸ್ತಾನಕ್ಕೆ, ಅಂದ್ರೆ ಈಗಿನ ಬಾಂಗ್ಲಾದೇಶಕ್ಕೆ ಹೋಯ್ತು, 1949ರಲ್ಲಿ ಕೂಚ್ ಬಿಹಾರ ಭಾರತಕ್ಕೆ ಸೇರ್ತು, ಹಳೇ ಕಂದಾಯದ ಗೆರೆನೇ ಅಂತಾರಾಷ್ಟ್ರೀಯ ಗಡಿ ಆಯ್ತು. 1952ರಲ್ಲಿ ಪಾಸ್‌ಪೋರ್ಟ್, ವೀಸಾ ಬಂದ ಮೇಲಂತೂ ಸಂಕಟ ನೋಡಿ, ಊರಿಂದ ಆಚೆ ಕಾಲಿಡೋಕೆ ಪಾಸ್‌ಪೋರ್ಟ್ ಬೇಕು, ಪಾಸ್‌ಪೋರ್ಟ್ ಮಾಡಿಸೋಕೆ ಪರದೇಶದ ನೆಲ ದಾಟಿ ಹೋಗ್ಬೇಕು, ಹೆಜ್ಜೆ ಇಟ್ಟ ತಕ್ಷಣ ಅಕ್ರಮ ನುಸುಳುಕೋರ! ವೋಟಿಲ್ಲ, ಸರ್ಕಾರಿ ಸ್ಕೂಲಿಲ್ಲ, ಕರೆಂಟಿಲ್ಲ, ಪೊಲೀಸ್ ಬರಲ್ಲ. ಮಕ್ಕಳನ್ನ ಸ್ಕೂಲಿಗೆ ಸೇರಿಸೋಕೆ ಪಕ್ಕದ ಊರಲ್ಲಿ ಯಾರನ್ನೋ ಅಪ್ಪ ಅಂತ ಬರೆಸ್ತಿದ್ರು. ಇದನ್ನ ಓದಿದಾಗ ನಿಜವಾಗ್ಲೂ ಹೊಟ್ಟೆ ಉರೀತು ನಂಗೆ.

ಈ ತುಂಡುಗಳನ್ನ ಅದಲುಬದಲು ಮಾಡೋಕೆ 1958ರಲ್ಲಿ ನೆಹರು, ಪಾಕಿಸ್ತಾನದ ಪ್ರಧಾನಿ ಫಿರೋಜ್ ಖಾನ್ ನೂನ್ ಒಪ್ಪಂದ ಮಾಡ್ಕೊಂಡ್ರು, 1974ರಲ್ಲಿ ಇಂದಿರಾ, ಬಾಂಗ್ಲಾದೇಶದ ಪ್ರಧಾನಿ ಮುಜೀಬ್ ಸಹಿ ಹಾಕಿದ್ರು. ಬಾಂಗ್ಲಾದೇಶ ಅದೇ ವರ್ಷ ಅನುಮೋದನೆ ಕೊಡ್ತು, ನಾವು 2015ರ ತನಕ ಎಳೆದ್ವಿ, 100ನೇ ಸಂವಿಧಾನ ತಿದ್ದುಪಡಿ ಆಗ್ಬೇಕಾಯ್ತು. ಅಷ್ಟರಲ್ಲಿ ಎರಡು ತಲೆಮಾರು ಕಳೆದೋಯ್ತು.

ನಂಗೆ ಮುಖ್ಯ ಅನ್ಸೋದು ಆಮೇಲಿನದು. ಯಾವ ದೇಶ ಬೇಕು ಅಂತ ಜನರನ್ನೇ ಕೇಳಿದ್ರು. ನಮ್ಮ ಕಡೆ ಇದ್ದ ಸುಮಾರು 14,000 ಜನ ಎಲ್ಲರೂ ಇಲ್ಲೇ ಉಳಿದು ಭಾರತೀಯರಾದ್ರು. ಆ ಕಡೆ ನಮ್ಮ ಚಿಟ್‌ಮಹಲ್‌ಗಳಲ್ಲಿದ್ದ ಸುಮಾರು 37,000 ಜನರಲ್ಲಿ ಭಾರತಕ್ಕೆ ಬಂದೋರು ಸಾವಿರನೂ ಇಲ್ಲ. ಇದನ್ನ ದೇಶಪ್ರೇಮದ ಲೆಕ್ಕಕ್ಕೆ ಹಾಕೋರಿಗೆ ನಾನು ಒಪ್ಪಲ್ಲ, ಉಳುತ್ತಿದ್ದ ನೆಲ, ಅಕ್ಕಪಕ್ಕದೋರು, ಬಂಧುಗಳು ಇರೋ ಕಡೆ ಜನ ನಿಂತ್ರು, ದೇಶ ಅವರಿದ್ದಲ್ಲಿಗೆ ಬಂತು. ಹಾಗಂತ ಕಾಗದಕ್ಕೆ ಬೆಲೆ ಇಲ್ಲ ಅಂತಲ್ಲ, 2016ರ ಬಂಗಾಳ ಚುನಾವಣೆಲಿ ಮುದುಕರೆಲ್ಲ ಜೀವನದಲ್ಲಿ ಮೊದಲ ಸಲ ವೋಟ್ ಹಾಕಿದ್ರು. ಆ ಕಡೆಯಿಂದ ಬಂದೋರನ್ನ ಮಾತ್ರ ಕೂಚ್ ಬಿಹಾರದ ದಿನಹಾಟಾ, ಮೇಖ್ಲಿಗಂಜ್, ಹಲ್ದಿಬಾಡಿ ಕ್ಯಾಂಪುಗಳ ತಗಡಿನ ಶೆಡ್‌ಗಳಲ್ಲಿ ವರ್ಷಗಟ್ಟಲೆ ಇಟ್ರು, ಹೊಲ ಬಿಟ್ಟು ನಮ್ಮನ್ನ ನಂಬಿ ಬಂದ ಜನಕ್ಕೆ ನಾವು ಮಾಡಿದ್ದು ಇದು.