ಕೈಯಾಡಿಸಬಾರದ ಪಾಕ

ನಮ್ಮೂರಲ್ಲಿ ಚೀಪುವ ಮಿಠಾಯಿ ಎಲ್ಲದಕ್ಕೂ ಪೆಪ್ಪರ್‌ಮೆಂಟು ಅಂತಲೇ ಹೆಸರು. ಆಗಸ್ಟ್ 15ಕ್ಕೆ ಸ್ಕೂಲಲ್ಲಿ ಕೊಡುತ್ತಿದ್ದ ಕಿತ್ತಳೆ ರುಚಿಯದ್ದೂ ಪೆಪ್ಪರ್‌ಮೆಂಟೇ. ಪೆಪ್ಪರ್‌ಮೆಂಟ್ ಅಂದರೆ ಪುದೀನದ ಒಂದು ಜಾತಿ ಅಂತ ತಿಳಿದಿದ್ದು ಅಮೆರಿಕಕ್ಕೆ ಬಂದ ಮೇಲೆ. ಇಲ್ಲಿ ಡಿಸೆಂಬರ್ ಬಂತೆಂದರೆ ಕೆಂಪು-ಬಿಳಿ ಪಟ್ಟೆಯ ಪೆಪ್ಪರ್‌ಮೆಂಟು ಕ್ರಿಸ್‌ಮಸ್ ಮರದಿಂದ ಹಿಡಿದು ಕಾಫಿ ಲೋಟದವರೆಗೂ ಇರುತ್ತೆ.

ಪಕ್ಕದ ಮನೆ ಅಜ್ಜಿ ಪ್ರತಿ ವರ್ಷ ಒಂದು ಡಬ್ಬಿ ಕುಕ್ಕಿ ಕೊಡುತ್ತಾರೆ. ಖಾಲಿ ಡಬ್ಬಿ ವಾಪಸ್ ಕೊಡಬಾರದು ಅಂತ ಅಮ್ಮ ಹೇಳಿಕೊಟ್ಟಿದ್ದಾರಲ್ಲ, ಹಾಗಾಗಿ ಈ ಸಲ ಪೆಪ್ಪರ್‌ಮೆಂಟು ಮಾಡಲು ಹೊರಟೆ. ಸಂಕ್ರಾಂತಿಗೆ ಸಕ್ಕರೆ ಅಚ್ಚು ಮಾಡಿದ ಕೈ, ಇದೇನು ಮಹಾ ಅಂದುಕೊಂಡು ಸಕ್ಕರೆಗೆ ನೀರು ಹಾಕಿ, ಅಭ್ಯಾಸಬಲದಿಂದ ಸೌಟು ಆಡಿಸುತ್ತಾ ನಿಂತೆ. ಪೂರ್ತಿ ರವೆ ರವೆ ಆಗಿ ಕೂತಿತು!

ಆಮೇಲೆ ತಲೆಗೆ ಹೊಳೆಯಿತು. ಸಕ್ಕರೆ ಅಚ್ಚಿಗೆ ಪಾಕ ಮತ್ತೆ ಸಕ್ಕರೆಯಾಗಬೇಕು, ಅದಕ್ಕೇ ಬೆಳ್ಳಗಾಗುವವರೆಗೂ ಕೈಯಾಡಿಸಿ ಅಚ್ಚಿಗೆ ಹೊಯ್ಯುವುದು. ಇಲ್ಲಿ ಪೂರಾ ಉಲ್ಟಾ. ಸಕ್ಕರೆ ಕರಗಿದ ಮೇಲೆ ಸೌಟು ಮುಟ್ಟಲೇಬಾರದು, ಪಾತ್ರೆಯ ಅಂಚಿಗೆ ಹತ್ತಿದ ಹರಳನ್ನೂ ಒದ್ದೆ ಬ್ರಷ್‌ನಿಂದ ಸವರಿ ಇಳಿಸಬೇಕು.

ಎರಡನೇ ಸಲ 2 ಕಪ್ ಸಕ್ಕರೆ, ಅರ್ಧ ಕಪ್ ನೀರು, ಜೊತೆಗೆ ಅರ್ಧ ಕಪ್ ಕಾರ್ನ್ ಸಿರಪ್, ಅಂದರೆ ಮೆಕ್ಕೆಜೋಳದಿಂದ ಮಾಡಿದ ಸಿಹಿ ಪಾಕ. ಹರಳು ಕಟ್ಟದ ಹಾಗೆ ತಡೆಯುವುದು ಈ ಸಿರಪ್ಪೇ. ಎಳೆ ಪಾಕ, ಉಂಡೆ ಪಾಕ ಎಲ್ಲ ದಾಟಿ 150 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು. ಥರ್ಮಾಮೀಟರ್ ಇಲ್ಲ ಅಂತ ಅಮ್ಮನಿಗೆ ವಿಡಿಯೋ ಕಾಲ್ ಮಾಡಿದರೆ, "ಚಿಕ್ಕಿ ಪಾಕ ನೋಡೋ ಹಾಗೇ ಕಣೇ, ತಣ್ಣೀರಿಗೆ ಒಂದು ಹನಿ ಬಿಟ್ಟು ತೆಗೆದು ತಟ್ಟೆಗೆ ಹಾಕಿದ್ರೆ ಟಣ್ ಅನ್ಬೇಕು" ಅಂದರು. ಅಂತು!

ಒಲೆಯಿಂದ ಇಳಿಸಿ, ಗುಳ್ಳೆ ಅಡಗಿದ ಮೇಲೆಯೇ ಅರ್ಧ ಚಮಚ ಪೆಪ್ಪರ್‌ಮೆಂಟ್ ಎಣ್ಣೆ ಹಾಕಿ. ನಾನು ಅವಸರಪಟ್ಟೆ, ಆವಿ ಮುಖಕ್ಕೆ ಹೊಡೆದು ಈರುಳ್ಳಿ ಹೆಚ್ಚಿದ್ದಕ್ಕಿಂತ ಜಾಸ್ತಿ ಕಣ್ಣೀರು.

ಚೆಂದದ ಕೆಲಸ ಇನ್ನು ಮುಂದೆ. ಬೆಣ್ಣೆ ಸವರಿದ ತಟ್ಟೆಗೆ ಸುರಿದಾಗ ಪಾಕ ಗಾಜಿನ ಹಾಗೆ, ಸ್ವಲ್ಪ ಹಳದಿ. ಒಂದು ಪಾಲಿಗೆ ಕೆಂಪು ಬಣ್ಣ ಬೆರೆಸಿ ಬೆಚ್ಚಗಿನ ಓವನ್‌ನಲ್ಲಿಟ್ಟೆ. ಉಳಿದದ್ದನ್ನು ಗ್ಲೌಸ್ ಹಾಕಿಕೊಂಡು ಎಳೆದೆ, ಮಡಿಸಿದೆ, ಮತ್ತೆ ಎಳೆದೆ. ಗಾಳಿ ಸೇರಿಕೊಳ್ಳುತ್ತಾ ಹಳದಿ ಹೋಗಿ, ರೇಷ್ಮೆ ಲಡಿಯ ಹಾಗೆ ಬೆಳ್ಳಗೆ ಮಿರಮಿರ ಅನ್ನತೊಡಗಿತು. ಬಿಳಿ ಬಣ್ಣ ಹಾಕುವುದೇ ಬೇಡ, ನೋಡಿ! ಎರಡನ್ನೂ ಹೊಸೆದು, ಗಟ್ಟಿಯಾಗುವ ಮೊದಲು ಕತ್ತರಿಯಲ್ಲಿ ಕತ್ತರಿಸಿದೆ. ಕೊನೆಯ ಗೇಣುದ್ದ ಕಲ್ಲಾಗಿ ಹೋಯಿತು, ಅದನ್ನು ಕುಟ್ಟಾಣಿಯಲ್ಲಿ ಕುಟ್ಟಬೇಕಾಯಿತು. ಮಳೆ ಬರುವ ದಿನ ಮಾತ್ರ ಮಾಡಬೇಡಿ, ತೇವ ಹೀರಿಕೊಂಡು ಅಂಟುತ್ತೆ.

ಮೊದಲ ಸಲದ ರವೆ ಎಸೆದಿಲ್ಲ. ಸಂಕ್ರಾಂತಿಗೆ ನೀರು ಹಾಕಿ ಮತ್ತೆ ಕಾಯಿಸಿ ಅಚ್ಚಿಗೆ ಹೊಯ್ಯುತ್ತೇನೆ. ಅಲ್ಲಿ ಎಷ್ಟು ಬೇಕಾದರೂ ಕೈಯಾಡಿಸಬಹುದು.